ಚೌಕಟ್ಟಿನೊಳಗಿನ ಅರ್ಜಿ

ಬೈಂದೂರು,
೧೨–೬–೧೯೪೯, ಭಾನುವಾರ

ಪ್ರೀತಿಯ ಚಂದ್ರಾವತಿ,

ನೀನೂ ನಿನ್ನ ಯಜಮಾನರೂ ಪುಟ್ಟ ಸುಗುಣಳೂ ಬ್ರಹ್ಮಾವರದಲ್ಲಿ ಸುಖವಾಗಿದ್ದೀರೆಂದು ನಂಬಿದ್ದೇನೆ. ಯುಗಾದಿಯ ಹೊತ್ತಿಗೆ ನೀನು ಬರೆದ ಕಾಗದ ಸಮಯಕ್ಕೇ ಬಂದಿತ್ತು. ಉತ್ತರಕ್ಕೆ ಎರಡು ತಿಂಗಳು ಕಾಯಿಸಿದೆ, ಕ್ಷಮಿಸು. ಎರಡು ಸಲ ಕುಳಿತು ಬರೆದು ಹರಿದು ಹಾಕಿದ್ದೂ ಉಂಟು. ಈಗ ದೋಣಿಗಳೆಲ್ಲ ದಡ ಹತ್ತಿವೆ, ಶಾಲೆ ಇನ್ನೂ ತೆರೆದಿಲ್ಲ, ಅಬ್ಬೆ ಒಳಗೆ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕುಳಿತಿದ್ದಾಳೆ. ಇವತ್ತು ಬರೆದೇ ಮುಗಿಸುತ್ತೇನೆ.

ಮೊದಲು ಸಂತೋಷದ ಸುದ್ದಿ. ನಾನು ವಿದ್ವಾನ್ ಪಾಸಾದೆ, ಅದೂ ಮೊದಲನೇ ದರ್ಜೆಯಲ್ಲಿ. ತಂತಿ ಬಂದ ದಿನ ಅಬ್ಬೆ ಕೇರಿಯವರಿಗೆಲ್ಲ ಬೆಲ್ಲ ಹಂಚಿಸಿದಳು. ನೆರೆಮನೆಯ ತಿಮ್ಮನಿಗೆ ಪರೀಕ್ಷೆ ಎಂದರೇನೆಂದು ತಿಳಿಯದೆ, ಪದ್ದುವಿಗೆ ಮದುವೆ ಗೊತ್ತಾಯಿತೆಂದುಕೊಂಡು ಗಂಡು ಯಾವ ಊರಿನವನೆಂದು ಕೇಳಿದ.

ಓದಿದ್ದು ಹೇಗೆಂದು ನಿನಗೆ ಹೇಳಬೇಕಾಗಿಲ್ಲ. ಆದರೆ ನೀನು ನಮ್ಮ ಶಾಲೆ ಬಿಟ್ಟು ಹೋದ ಮೇಲಿನ ವರ್ಷ ಇನ್ನೂ ಕಷ್ಟವಾಯಿತು. ನಿನ್ನ ತರಗತಿಯನ್ನೂ ನನಗೇ ಕೊಟ್ಟರು. ಒಂದೇ ಕೋಣೆಯಲ್ಲಿ ಅರವತ್ತೆರಡು ಮಕ್ಕಳು. ಒಂದು ಗೋಡೆಗೆ ಎರಡನೇ ತರಗತಿ, ಇನ್ನೊಂದಕ್ಕೆ ಮೂರನೇ ತರಗತಿ. ಸಂಜೆ ಗಂಟಲು ಕಟ್ಟಿ, ಪುಸ್ತಕ ಹಿಡಿದರೆ ಅಕ್ಷರ ಹತ್ತುತ್ತಿರಲಿಲ್ಲ. ಅದಕ್ಕೇ ಬೆಳಗಿನ ಜಾವ ಅಬ್ಬೆಯ ಜೊತೆ ಕಡಲ ಬದಿಗೆ ಹೋಗುತ್ತಿದ್ದೆ. ಅವಳು ದೋಣಿ ಬರುವುದನ್ನು ಕಾಯುವಷ್ಟು ಹೊತ್ತು ನಾನು ಛಂದಸ್ಸಿನ ಗಣಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಬುಟ್ಟಿ ಹಿಡಿದು ನಿಂತ ಹೆಂಗಸರಿಗೆ ಅದು ನಗೆಯಾಗಿತ್ತು. "ಪದ್ದು ಮಂತ್ರ ಹೇಳ್ತಿತ್ತ್ ಕಾಣಿ, ಇವತ್ತ್ ಬಂಗ್ಡಿ ಬಪ್ದೇ ಸೈ" ಎಂದು ಕಮಲಕ್ಕ ಹೇಳಿದ ದಿನ ನಿಜವಾಗಿಯೂ ಬಂಗುಡೆ ಬಂತು. ಆಮೇಲೆ ನಾನು ಒಂದು ದಿನ ಬಾರದಿದ್ದರೂ ಅವರೇ ಕರೆಕಳಿಸುತ್ತಿದ್ದರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೆ ಕುಂದಾಪುರಕ್ಕೆ ಹೊರಡುವುದು, ಹೊಳೆಯಲ್ಲಿ ದೋಣಿಗೆ ಕಾಯುವುದು, ಪಂಡಿತರ ಮನೆಯಲ್ಲಿ ಹಳಗನ್ನಡ ಕೇಳಿ ಭಾನುವಾರ ಹಿಂದಿರುಗುವುದು. ಇದೆಲ್ಲ ಮೊದಲೆರಡು ವರ್ಷ ಇಬ್ಬರೂ ಕೂಡಿ ಮಾಡಿದ್ದೇ ಅಲ್ಲವೇ? ಆಗ ಅದು ಆಟದಂತಿತ್ತು.

ಇನ್ನು ಆ ವ್ಯರ್ಥವಾದ ವರ್ಷದ ಮಾತು. ನಲವತ್ತೇಳರ ಅಕ್ಟೋಬರಿನಲ್ಲಿ ನಮ್ಮಿಬ್ಬರ ಪರೀಕ್ಷೆಯ ಅರ್ಜಿಗಳೂ ಹೆಡ್‌ಮಾಸ್ತರ್ ಗುಣಪಾಲರ ಮೇಜು ಸೇರಿದ್ದವು. ಅವರು ಸಹಿ ಹಾಕಿ ಮದರಾಸಿಗೆ ಕಳಿಸಬೇಕಿತ್ತು. ಫೆಬ್ರವರಿಯಲ್ಲಿ ನಿನ್ನ ಹಾಲ್ ಟಿಕೆಟ್ ಬಂತು, ನನ್ನದು ಬರಲಿಲ್ಲ. ಕೇಳಿದರೆ ಗುಣಪಾಲ ಮಾಸ್ತರರು ಅಂಚೆಯಲ್ಲಿ ಎಲ್ಲೋ ಕಳೆದಿರಬೇಕೆಂದರು, ಮುಂದಿನ ವರ್ಷ ಕಟ್ಟಿದರಾಯಿತೆಂದರು, ನಿನಗೇನು ವಯಸ್ಸಾಗಿ ಹೋಯಿತೇ ಎಂದು ನಕ್ಕರು. ನಾನು ನಂಬಿದೆ. ನೀನು ಮಂಗಳೂರಿನಲ್ಲಿ ಪರೀಕ್ಷೆ ಬರೆದು ಬಂದು, ಪಕ್ಕದಲ್ಲಿ ನಾನಿಲ್ಲವೆಂದು ಅತ್ತೆನೆಂದೆ. ಆ ಜೂನಿನಲ್ಲಿ ಬ್ರಹ್ಮಾವರದ ಹೈಸ್ಕೂಲಿಗೆ ಕನ್ನಡ ಪಂಡಿತರು ಬೇಕಾದರು, ನಿನಗೆ ಕೆಲಸವಾಯಿತು. ನಿನ್ನ ಟ್ರಂಕು ಹೊತ್ತು ಬಸ್ಸಿನವರೆಗೆ ಬಂದವಳು ನಾನೇ.

ನಾನು ಪಂಡಿತಳಾದ ದಿನ ಮೀನಿನ ಬುಟ್ಟಿ ಕೆಳಗಿಡುತ್ತೇನೆಂದು ಅಬ್ಬೆ ಹೇಳಿಕೊಂಡಿದ್ದಳು. ಹಾಗಾಗಿ ಆ ವರ್ಷವೂ ಹೊತ್ತಳು. ದೀಪಾವಳಿ ಕಳೆದ ವಾರ ಶಿರೂರಿನ ದಾರಿಯಲ್ಲಿ ಬುಟ್ಟಿ ಸಮೇತ ಬಿದ್ದು ಮಂಡಿ ಮುರಿದುಕೊಂಡಳು. ಈಗ ಅಂಗಳ ದಾಟಿ ನಡೆಯಲಾರಳು.

ಈ ಏಪ್ರಿಲಿನಲ್ಲಿ ಗುಣಪಾಲ ಮಾಸ್ತರರಿಗೆ ನಿವೃತ್ತಿ. ಅವರ ಮೇಜನ್ನು ಖಾಲಿ ಮಾಡುವಾಗ ಜವಾನ ಕುಷ್ಟ ಒಂದು ಮಡಿಸಿದ ಕಾಗದ ತಂದು ನನ್ನ ಕೈಯಲ್ಲಿಟ್ಟ. "ಟೀಚರೇ, ಇದ್ ನಿಮ್ಮ್ ಹೆಸ್ರಲ್ದಾ? ಮೇಜಿನ ಖಾನಿ ಅಡಿಯಂಗ್ ಬಿದ್ಕಂಡಿತ್ತ್" ಎಂದ. ನನ್ನ ಅರ್ಜಿ! ನನ್ನದೇ ಅಕ್ಷರ, ನನ್ನದೇ ಸಹಿ, ಕೆಳಗೆ ಹೆಡ್‌ಮಾಸ್ತರರ ಸಹಿಯ ಜಾಗ ಖಾಲಿ. ಅಂಚೆಪೆಟ್ಟಿಗೆಯ ಮುಖವನ್ನೇ ಅದು ಕಂಡಿರಲಿಲ್ಲ.

ನಾನು ಅಳಲಿಲ್ಲ. ಕುಷ್ಟನಿಗೆ ಯಾರಿಗೂ ಹೇಳಬೇಡವೆಂದೆ. ಬೀಳ್ಕೊಡುಗೆಯ ಬಿನ್ನವತ್ತಳೆ ಬರೆಯುವ ಕೆಲಸವನ್ನು ನನಗೇ ಒಪ್ಪಿಸಿದ್ದರು. ಬಹಳ ಪ್ರೀತಿಯಿಂದ ಒಪ್ಪಿಕೊಂಡು, ಕುಂದಾಪುರಕ್ಕೆ ಹೋಗಿ ಗಾಜು ಹಾಕಿದ ಚೌಕಟ್ಟು ಮಾಡಿಸಿ ತಂದೆ.

ಸಮಾರಂಭಕ್ಕೆ ಇನ್‌ಸ್ಪೆಕ್ಟರರೇ ಅಧ್ಯಕ್ಷರು. ಊರಿನ ದೊಡ್ಡವರೆಲ್ಲ ಮುಂದಿನ ಸಾಲಿನಲ್ಲಿದ್ದರು. ಅಬ್ಬೆಯನ್ನು ಗಾಡಿಯಲ್ಲಿ ಕರೆತಂದು ಬಾಗಿಲ ಹತ್ತಿರ ಕೂರಿಸಿದ್ದೆ. ಮಾಸ್ತರರ ಶಿಸ್ತು, ಸಮಯಪಾಲನೆ, ಮಕ್ಕಳ ಮೇಲಿನ ಅಕ್ಕರೆ ಎಲ್ಲವನ್ನೂ ಹೊಗಳಿ ಓದಿದೆ. ಎರಡು ಸಲ ಚಪ್ಪಾಳೆ ಬಿತ್ತು. ಕೊನೆಯ ವಾಕ್ಯವನ್ನು ಸ್ವಲ್ಪ ನಿಧಾನವಾಗಿ ಓದಿದೆ: "ನಮ್ಮ ಕಾಗದಪತ್ರಗಳನ್ನು ತಾವು ಸ್ವಂತ ಸೊತ್ತಿನಂತೆ ಜೋಪಾನ ಮಾಡಿದವರು, ಹದಿನೆಂಟು ತಿಂಗಳು ತಮ್ಮ ಮೇಜಿನಲ್ಲಿ ಕಾಪಾಡಿದ ಒಂದು ಕಾಗದವನ್ನೇ ಇಂದು ತಮಗೆ ಅರ್ಪಿಸುತ್ತಿದ್ದೇವೆ." ರೇಷ್ಮೆ ಬಟ್ಟೆ ಸುತ್ತಿದ ಚೌಕಟ್ಟನ್ನು ಇನ್‌ಸ್ಪೆಕ್ಟರರ ಕೈಗೆ ಕೊಟ್ಟೆ. ಅವರು ಬಟ್ಟೆ ಸರಿಸಿ, ಕನ್ನಡಕ ಹಾಕಿಕೊಂಡು, ಪೂರ್ತಿ ಓದಿದರು. ತಾರೀಖನ್ನು ಎರಡು ಸಲ ನೋಡಿದರು. ಆಮೇಲೆ ಇದೇನೆಂದು ಮಾಸ್ತರರನ್ನೇ ಕೇಳಿದರು.

ಚಂದ್ರಾ, ಆ ಮುಖವನ್ನು ನೀನು ನೋಡಬೇಕಿತ್ತು. ಹಾರ ಹಾಕಿಕೊಂಡೇ ಕುರ್ಚಿಯ ತೋಳು ಹಿಡಿದು ನಿಂತರು, ಹಾಗೆಯೇ ಮತ್ತೆ ಕುಳಿತರು. ಪಕ್ಕದ ಊರಿನ ಹೊಸ ಶಾಲೆಗೆ ಅವರನ್ನೇ ಮೇಲ್ವಿಚಾರಕರನ್ನಾಗಿ ಮಾಡುವ ಮಾತಿತ್ತಲ್ಲ, ಆ ಮಾತನ್ನು ಅಂದಿನಿಂದ ಯಾರೂ ಆಡಿಲ್ಲ. ಚೌಕಟ್ಟನ್ನು ಅವರು ಮನೆಗೆ ಒಯ್ಯಲಿಲ್ಲ. ನಾನು ಅದನ್ನು ಶಾಲೆಯ ಗೋಡೆಗೆ ಹಾಕಿಸಿದ್ದೇನೆ.

ಮನೆಗೆ ಬರುವಾಗ ಅಬ್ಬೆ ಗಾಡಿಯಲ್ಲಿ ಮೂರು ಸಲ ನನ್ನಿಂದ ಅದನ್ನೇ ಹೇಳಿಸಿದಳು. "ನಂಗ್ ದೂರಕ್ ಸಮ ಕಾಂಬ್ದಿಲ್ಲ ಹೆಣ್ಣೇ. ಅವ್ನ್ ಮೋರೆ ಹ್ಯಾಂಗ್ ಆಯ್ತ್, ಇನ್ನೊಂದ್ ಸರ್ತಿ ಹೇಳ್" ಎಂದಳು. ಹೇಳಿದೆ. ದೊಡ್ಡವರನ್ನು ಹೀಗೆ ತಲೆ ತಗ್ಗಿಸುವಂತೆ ಮಾಡಬಾರದೆಂದು ನಮಗೆ ಕಲಿಸಿದ್ದಾರೆ. ನಾನೂ ಮಕ್ಕಳಿಗೆ ಅದನ್ನೇ ಕಲಿಸುತ್ತೇನೆ. ಆದರೂ ನಿನ್ನಲ್ಲಿ ಸುಳ್ಳು ಹೇಳಲಾರೆ. ಆ ದಿನ ಉಂಡ ಗಂಜಿಯಷ್ಟು ರುಚಿಯಾದದ್ದನ್ನು ನಾನು ಈಚೆಗೆ ಉಂಡಿಲ್ಲ.

ಅಬ್ಬೆ ನಿನ್ನನ್ನು ಆಗಾಗ ನೆನೆಯುತ್ತಾಳೆ. ಸುಗುಣಳಿಗೆ ಹಲ್ಲು ಬಂದಿತೇ ಎಂದು ಕೇಳುತ್ತಾಳೆ. ಮಗು ನೂರು ವರ್ಷ ಬಾಳಲಿ, ತಾಯಿಗಿಂತ ಚೆನ್ನಾಗಿ ಓದಲಿ. ನಿನ್ನ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ,
ಪದ್ದು

ಮರೆತಿದ್ದೆ: ಸಮಾರಂಭದ ಮಾರನೆಯ ದಿನ ಮಧ್ಯಾಹ್ನ ಗುಣಪಾಲ ಮಾಸ್ತರರು ನಮ್ಮ ಅಂಗಳಕ್ಕೆ ಬಂದಿದ್ದರು. ಕೂರೆಂದರೂ ಕೂರಲಿಲ್ಲ. "ತಪ್ಪ್ ನಂದೇ. ಆರೆ ಒಂದ್ ಮಾತ್ ನಿಂಗ್ ಗೊತ್ತಿರ್ಕ್. ಅರ್ಜಿ ಕಳ್ಸ್‌ಬೇಡಿ ಅಂದದ್ದ್ ಚಂದ್ರಾವತಿ. ಇಬ್ರೂ ಪಾಸಾರೆ ಕೆಲ್ಸ ಪದ್ದುಗೇ ಸಿಕ್ಕತ್ತ್, ಅದ್ ನಂಗಿಂತ ಲಾಯ್ಕ್ ಬರೀತ್ತ್, ಒಂದೇ ಒಂದ್ ವರ್ಷ ತಡ್ದ್ ಇಡಿ ಅಂತ ಕಣ್ಣೀರ್ ಹಾಕ್ತ್" ಎಂದರು. ನಾನು ನಂಬದೆ ಬೈದೆ. ಆಗ ಅವರು ಕಿಸೆಯಿಂದ ಒಂದು ಚೀಟಿ ತೆಗೆದು ಕೊಟ್ಟರು. "ಪದ್ದುವಿನದು ಈ ವರ್ಷ ಬೇಡ, ಮರೆಯಬೇಡಿ" ಎಂದಷ್ಟೇ ಇತ್ತು. ಎರಡು ವರ್ಷ ಒಂದೇ ನೋಟುಪುಸ್ತಕದಲ್ಲಿ ಬರೆದವರು ನಾವು, ಅಕ್ಷರ ಯಾರದೆಂದು ಕೇಳಬೇಕಾಗಲಿಲ್ಲ.

ನಿಮ್ಮ ಮನೆಯ ಜಗಲಿಯಿಂದ ನಾನು ಎದ್ದುಹೋದ ಮೇಲೆ ನಿನ್ನ ಅಮ್ಮ ಆ ಜಾಗಕ್ಕೆ ನೀರು ಹಾಕುತ್ತಿದ್ದದ್ದು ನನಗೆ ಗೊತ್ತಿತ್ತು. ನೀನು ಬೇರೆಯೆಂದುಕೊಂಡು ಒಂದು ದಿನವೂ ತಿರುಗಿ ನೋಡದೆ ನಡೆದೆ. ಅಬ್ಬೆಗೆ ಈ ಚೀಟಿಯ ವಿಷಯ ಹೇಳಿಲ್ಲ.

ಬೋರ್ಡಿನವರು ನನಗೆ ಕುಂದಾಪುರ ಬೇಕೋ ಬ್ರಹ್ಮಾವರ ಬೇಕೋ ಎಂದು ಕೇಳಿದ್ದರು. ಕುಂದಾಪುರ ಹತ್ತಿರ, ಅಬ್ಬೆಗೂ ಅನುಕೂಲ. ನಾನು ಬ್ರಹ್ಮಾವರವೆಂದು ಬರೆದುಕೊಟ್ಟೆ. ನಿಮ್ಮ ಶಾಲೆಯಲ್ಲಿ ಎರಡನೇ ಪಂಡಿತರ ಜಾಗ, ಇಪ್ಪತ್ತಕ್ಕೆ ಹಾಜರಾಗುತ್ತೇನೆ. ಉಪಾಧ್ಯಾಯರ ಕೋಣೆಯಲ್ಲಿ ನಿನ್ನ ಎದುರಿನ ಕುರ್ಚಿ ಖಾಲಿಯಿದೆಯಂತೆ. ದಿನವೂ ಅಲ್ಲಿ ಕುಳಿತು ನಿನ್ನ ಕ್ಷೇಮ ವಿಚಾರಿಸುತ್ತೇನೆ. ಚೀಟಿಯ ಮಾತೆತ್ತುವುದಿಲ್ಲ. ಯಾವ ದಿನ ಎತ್ತುತ್ತೇನೋ ಎಂದು ನೀನು ಕಾಯುತ್ತಿರು.