ಉಡಿಯೊಳಗಿನ ಚುಕ್ಕಿ ಅವರೆ

ಪ್ರೀತಿಯ ಅತ್ತೆಮ್ಮ,

ಹೋದಲ್ಲಿಯೂ ಯಾರದೋ ಹೊಲದ ಬದು ತಿರುಗುತ್ತಾ, ‘ಇಲ್ಲೊಂದು ಸಾಲು ತೊಗರಿ ಹಾಕಬಾರದಿತ್ತೇ’ ಎಂದು ತಪ್ಪು ಹುಡುಕುತ್ತಿರುತ್ತೀರಿ, ಗೊತ್ತು. ಒಂದು ಗಳಿಗೆ ಕುಳಿತು ಇದನ್ನು ಓದಿ.

ಮಾಯಕೊಂಡದ ನಮ್ಮ ಹೊಲಕ್ಕೆ ನಾನು ಮೊದಲ ಸಲ ಬಂದಾಗ ನೀವು ಉಡಿಯಲ್ಲಿ ಕಾಳು ಕಟ್ಟಿಕೊಂಡು ಬಿತ್ತುವ ಕೂರಿಗೆಯ ಹಿಂದೆ ನಡೆಯುತ್ತಿದ್ದಿರಿ. ಜೋಳದ ನಡುನಡುವೆ ಅಕ್ಕಡಿ ಸಾಲು: ತೊಗರಿ, ಅಲಸಂದೆ, ಹುಚ್ಚೆಳ್ಳು, ನಿಮ್ಮ ಪ್ರಾಣವೇ ಆಗಿದ್ದ ಚುಕ್ಕಿ ಅವರೆ. “ಮೆಕ್ಕೆಜೋಳ ಒಂದೇ ಹಾಕಿದ್ರೆ ಕೆಲಸ ಸಲೀಸು ಐತೆ ಅವ್ವಾ,” ಎಂದು ನಿಮ್ಮ ಮಗ ಗೊಣಗಿದರೆ, “ಸಾರಿಗೇನ್ ಹಾಕ್ತೀಯೋ, ಮೆಕ್ಕೆಜೋಳನಾ?” ಎಂದು ಬಾಯಿ ಮುಚ್ಚಿಸಿದಿರಿ. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಅಂದೇ ಅಲ್ಲವೇ ನಾನು ನಿಮ್ಮ ಪಕ್ಷ ಸೇರಿದ್ದು?

ಮನೆಗೆ ಬಂದ ಹೆಂಗಸರ ಉಡಿಗೆ ಎಲ್ಲರೂ ಅಕ್ಕಿ ಹಾಕಿದರೆ, ನೀವು ಅದರ ಮೇಲೊಂದು ಹಿಡಿ ಬೀಜ. ಬಳೆ ತೊಡಿಸಲು ಹರಿಹರದಿಂದ ರೈಲಿನಲ್ಲಿ ಬರುವ ಮೆಹಬೂಬಮ್ಮನನ್ನೂ ಬಿಟ್ಟವರಲ್ಲ. “ಬಂದೋರಿಗೆಲ್ಲಾ ಹಂಚಿದ್ರೆ ನಮಗೇನ್ ಉಳಿತೈತೆ?” ಎಂದು ಇವರು ರೇಗುತ್ತಿದ್ದರು. ನೀವು ಮತ್ತೊಂದು ಹಿಡಿ ಹಾಕುತ್ತಿದ್ದಿರಿ.

ನೀವು ಕಣ್ಣು ಮುಚ್ಚಿದ ಮೇಲಿನ ಮಳೆಗಾಲ ಬದುವಿನಿಂದ ಬದುವಿಗೆ ಮೆಕ್ಕೆಜೋಳವೇ ಆಯಿತು. ಸುಳಿಗೆ ಹುಳ ಬಿತ್ತು. ಒಂದು ಗಿಡಕ್ಕೆ ಬಿದ್ದದ್ದು ಇಡೀ ಹೊಲಕ್ಕೆ ಹಬ್ಬಿತು. ಅದರ ಬಾಯಿಗೆ ರುಚಿಸದ ಬೆಳೆ ಅಲ್ಲಿ ಒಂದಾದರೂ ಇದ್ದರೆ ತಾನೇ... ಮರುವರ್ಷಕ್ಕಾದರೂ ಇರಲಿ ಎಂದು ಬೀಜದ ಮಡಕೆ ತೆರೆದರೆ ನಿಮ್ಮ ಅವರೆಯೆಲ್ಲ ಹುಳ ಕೊರೆದು ಹಿಟ್ಟಾಗಿತ್ತು. ನಿಮ್ಮ ಕೈಯ ಬೀಜ ನನ್ನ ಕಾಲಕ್ಕೆ ಮುಗಿಯಿತಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಇವರು ಮಡಕೆಯ ಪಕ್ಕ ಕುಳಿತು, ಒಂದಾದರೂ ಗಟ್ಟಿ ಕಾಳು ಸಿಕ್ಕೀತೇ ಎಂದು ಹಿಟ್ಟಿನಲ್ಲಿ ಬೆರಳಾಡಿಸಿದರು.

ಬಳೆ ಹೊತ್ತು ಬಂದ ಮೆಹಬೂಬಮ್ಮನಿಗೆ ಇದನ್ನು ಹೇಳಿದೆ. ಮುಂದಿನ ಸಲ ಬಂದವರು ಬಳೆಗಿಂತ ಮೊದಲು ಒಂದು ಗಂಟು ಬಿಚ್ಚಿದರು. ಅದೇ ಚುಕ್ಕಿ ಅವರೆ! “ನಿಮ್ಮತ್ತೆ ಕೊಟ್ಟಿದ್ದೇ ಐತೆ, ತಗಳವ್ವ. ಹಿತ್ತಲ ಬೇಲಿಗೆ ಹಬ್ಸಿ ವರ್ಷಾ ವರ್ಷಾ ಬೀಜ ಎತ್ತಿಡ್ತೀನಿ. ಉಡಿ ಹಿಡಿ,” ಎಂದರು. ಆತುರಕ್ಕೆ ಉಡಿ ಜಾರಿ ನಾಲ್ಕು ಕಾಳು ಕೆಳಗೆ ಚೆಲ್ಲಿದೆ, ಬೈಸಿಕೊಂಡೆ.

ಮರು ಮುಂಗಾರಿಗೆ ಕೂರಿಗೆಯ ಹಿಂದೆ ನಾನು ನಡೆದೆ. “ಅವ್ವ ಇಷ್ಟು ದಟ್ಟ ಬಿಡ್ತಿರ್ಲಿಲ್ಲ,” ಎಂದು ಇವರು ಹಿಂದಿರುಗಿ ನೋಡಿ ಹೇಳಿದರು. ಅವರೆ ಹೂಬಿಟ್ಟು, ಕಾಯಾಗಿ, ಸಾರಿಗೂ ಬಂತು, ಮಡಕೆಗೂ ಬಂತು. ಮೊನ್ನೆ ನಿಮ್ಮ ಮಗಳು ಕುಕ್ಕುವಾಡದ ಗಂಡನ ಮನೆಗೆ ಹೊರಟಾಗ ಅವಳ ಉಡಿಗೆ ಅಕ್ಕಿ, ಕೊಬ್ಬರಿ ಹಾಕಿ ಕೈ ಒರೆಸಿಕೊಳ್ಳುತ್ತಿದ್ದೆ. ಹೊಸ್ತಿಲಲ್ಲಿ ನಿಂತಿದ್ದ ನಿಮ್ಮ ಮಗ ಕೇಳಿದರು:

“ಬೀಜ ಹಾಕ್ಲಿಲ್ಲಲ್ಲಾ, ಯಾಕ?”