ಗಡಿಯಾಚೆಯ ಕರೆಂಟು

ಸುಂಟಿಕೊಪ್ಪ
೨೦ ಜುಲೈ ೨೦೨೫

ಲಿಖಿತಾಳ ಅಪ್ಪನಿಗೆ,

ನಾನೂ ಮಗಳೂ ಚೆನ್ನಾಗಿದ್ದೇವೆ. ಫೋನಿನಲ್ಲಾದರೆ ಇಬ್ಬರ ದನಿಯೂ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಕೋಳಿಮರಿಯ ಹ್ಯಾಚರಿ ಮುಚ್ಚಿ ಇರಿಟ್ಟಿಗೆ ಬಂದುಬಿಡು ಎಂದಿರಿ. ನಾನು ಬರುವುದಿಲ್ಲ. ಸಿಟ್ಟಾಗದೆ ಪೂರ್ತಿ ಓದಿ.

ಹೋದ ಮಳೆಗಾಲದಲ್ಲಿ ತೋಟದೊಳಗಿನ ಲೈನಿನ ಮೇಲೆ ಮರ ಬಿದ್ದು, ಜನರೇಟರೂ ಕೈಕೊಟ್ಟು, ಕಾವು ಕೊಡುವ ಯಂತ್ರ ನಿಂತು, ಮರಿಗಳೆಲ್ಲ ಮೊಟ್ಟೆಯೊಳಗೇ ಸತ್ತವು. ನೀವು ಒಂದೊಂದನ್ನೇ ಒಡೆದು ನೋಡಿದಿರಿ. ಆಮೇಲೆ ಅಂಗಳಕ್ಕೆ ಬಂದು, ಇನ್ನು ಈ ರಾಜ್ಯದಲ್ಲಿ ಕೋಳಿಮರಿ ಮಾಡುವುದಿಲ್ಲ ಎಂದಿರಿ. ಗಡಿ ದಾಟಿ ಕೇರಳದ ಇರಿಟ್ಟಿಯಲ್ಲಿ ಹೊಸ ಶೆಡ್ ಹಾಕಿದಿರಿ. ನಾನು ಇಲ್ಲೇ ಉಳಿದೆ.

ಕ್ರಿಸ್ಮಸ್ ರಜೆಗೆ ನಿಮ್ಮಲ್ಲಿಗೆ ಬಂದಾಗ ಪಕ್ಕದ ಮನೆಯವರನ್ನು ಕರೆದುಕೊಂಡು ನಾನು ಅಲ್ಲಿಯ ವಿದ್ಯುತ್ ಕಚೇರಿಗೆ ಹೋಗಿದ್ದೆ. ನಿಮಗೆ ಹೇಳಿರಲಿಲ್ಲ. ಕರೆಂಟು ತೆಗೆಯುವ ಮೊದಲು ಮೊಬೈಲಿಗೆ ಸಂದೇಶ ಬರುತ್ತದೆ, ದೂರು ಕೊಟ್ಟರೆ ಉತ್ತರ ಸಿಗುತ್ತದೆ, ನಿಮ್ಮ ಲೈನು ರಸ್ತೆ ಬದಿಯಲ್ಲೇ ಇದೆ. ನೀವು ಹೇಳಿದ್ದೆಲ್ಲ ನಿಜ. ಆದರೆ ನೀವು ಅದನ್ನು ಅಲ್ಲಿಯ ಮಣ್ಣಿನ ಗುಣ ಎಂಬಂತೆ ಹೇಳುತ್ತಿದ್ದಿರಿ. ನನಗೆ ಕಂಡದ್ದು ಬೇರೆ. ಅಲ್ಲಿ ಜನ ಕೇಳಿದ್ದಾರೆ, ಕಚೇರಿಯವರು ಉತ್ತರ ಕೊಡಲೇಬೇಕಾಗಿದೆ.

ವಾಪಸು ಬಂದವಳು ಹಿಟ್ಟಿನ ಗಿರಣಿಯ ತಂಗಮ್ಮನನ್ನೂ ನಮ್ಮ ಲೈನಿನ ಹತ್ತಾರು ಮನೆಯವರನ್ನೂ ಕಟ್ಟಿಕೊಂಡು ಮಡಿಕೇರಿಯ ಗ್ರಾಹಕರ ಸಭೆಗೆ ಹೋದೆ. ಇಂಜಿನಿಯರು ನಗುತ್ತಲೇ, “ಕೊಡಗಲ್ಲಿ ಮರ ಬೀಳ್ತದಮ್ಮ, ಎಂತ ಮಾಡೋದು?” ಅಂದರು.

“ಗಡಿಯಾಚೆಗೂ ಇದೇ ಘಟ್ಟ, ಇದೇ ಮಳೆ ಸಾರ್. ಅಲ್ಲೂ ಮರ ಬೀಳ್ತದೆ. ಕರೆಂಟ್ ಯಾವಾಗ ಬರ್ತದೆ ಅಂತ ಅಲ್ಲಿ ಹೇಳ್ತಾರೆ. ಇಲ್ಲಿ ಫೋನೇ ಎತ್ತಲ್ಲ,” ಅಂದೆ.

ಅವರ ನಗು ನಿಂತಿತು. ಲೈನನ್ನು ರಸ್ತೆಗೆ ತರುತ್ತೇವೆ, ತೋಟದವರು ಜಾಗ ಬಿಡಲಿ ಎಂದರು. ಆಗ ಗೊತ್ತಾಯಿತು, ಇಷ್ಟು ವರ್ಷ ಕಂಬಕ್ಕೆ ಅಡ್ಡ ನಿಂತದ್ದು ಕಚೇರಿಯಲ್ಲ, ತೋಟದ ಧಣಿ ನಮ್ಮ ಪರಮೇಶಪ್ಪನವರು. ಬೇಲಿಯ ಸಿಲ್ವರ್ ಓಕ್ ಮರ ಕಡಿಯಲು ಅವರು ಒಪ್ಪಿರಲಿಲ್ಲ. ತಂಗಮ್ಮ ಹೋಗಿ ಅವರ ಜಗಲಿಯಲ್ಲೇ ಕೂತಳು. ಕರೆಂಟಿಲ್ಲದೆ ಕಾಫಿ ಹಣ್ಣು ಸುಲಿಯುವ ಪಲ್ಪರ್ ನಿಂತು ಅವರಿಗೂ ಹಣ್ಣು ಹಾಳಾಗಿತ್ತಲ್ಲ, ಅದನ್ನೇ ನೆನಪಿಸಿದಳು. ಕೊನೆಗೆ ಒಪ್ಪಿದರು. ಮಳೆ ಹಿಡಿಯುವ ಮೊದಲೇ ಕಂಬಗಳು ರಸ್ತೆಗೆ ಬಂದವು.

ಮೊನ್ನೆಯ ಗಾಳಿಗೆ ಕರೆಂಟು ಹೋಯಿತು. ಹೋಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಕೂಡಲೇ ಕಚೇರಿಗೆ ಕರೆ ಮಾಡಿದೆ. ಈ ಸಲ ಫೋನೆತ್ತಿದರು, ಲೈನ್‌ಮನ್ ಮಂಜೇಶ್ ಬೈಕಿನಲ್ಲೇ ಬಂದ. ಕಂಬ ಕಣ್ಣೆದುರಿಗೇ ಇದ್ದುದರಿಂದ ಹುಡುಕುವ ಕೆಲಸವಿರಲಿಲ್ಲ. ಮೊಟ್ಟೆಗಳು ತಣ್ಣಗಾಗುವ ಮೊದಲೇ ಯಂತ್ರ ಮತ್ತೆ ಗುನುಗಿತು. ನಿನ್ನೆ ಮರಿಗಳು ಹೊರಬಂದವು. ಲಿಖಿತಾ ನಾಳೆ ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದಿದ್ದಾಳೆ.

ಅಲ್ಲಿಯ ವ್ಯವಸ್ಥೆ ಇನ್ನೂ ನಮ್ಮದಕ್ಕಿಂತ ಮೇಲು, ಒಪ್ಪುತ್ತೇನೆ. ನಾವೂ ಅಲ್ಲಿಗೆ ಮುಟ್ಟುತ್ತೇವೆ. ನಿಮ್ಮ ಶೆಡ್ಡೂ ನಡೆಯಲಿ. ನಮ್ಮಿಬ್ಬರ ನಡುವೆ ಕರೆಂಟಿನ ನೆಪ ಮಾತ್ರ ಇನ್ನು ಬೇಡ. ಬೇರೆ ಕಾರಣವಿದ್ದರೆ ಬಿಚ್ಚಿ ಬರೆಯಿರಿ.

ಇಂತಿ,
ವೀಣಾ

ಮರೆತಿದ್ದೆ: ಹ್ಯಾಚರಿಯ ಮೀಟರು ಇನ್ನೂ ನಿಮ್ಮ ಹೆಸರಿನಲ್ಲಿದೆ. ನನ್ನ ಹೆಸರಿಗೆ ಮಾಡಿಕೊಳ್ಳಲು ನಿಮ್ಮ ಸಹಿ ಬೇಕು. ಅಂಚೆಯಲ್ಲಿ ಕಳಿಸಬೇಡಿ, ನೀವೇ ಬನ್ನಿ. ಬಂದ ಮೇಲೆ ಸಹಿಗೇನೂ ಅವಸರವಿಲ್ಲ.