ಇಂಜಿನ್ನಿನ ಬಾಯಿಗೆ ಬಟ್ಟೆ

೭ ಸೆಪ್ಟೆಂಬರ್ ೨೦೦೨, ಶನಿವಾರ

ಮತ್ತೆ ಗ್ರೀಸ್. ಉಗುರಿನ ಸಂದಿಯಲ್ಲಿ, ಕಿವಿಯಲ್ಲಿ, ಹೆಂಡತಿ ಶ್ರೀದೇವಿಯ ಆರೋಪದ ಪ್ರಕಾರ ಚಪಾತಿ ಹಿಟ್ಟಿನಲ್ಲೂ. ಇಡೀ ದಿನ ತಿಕ್ಕಿದ್ದು ನಮ್ಮ ವ್ಯಾನಿನ ಒಂದೇ ಒಂದು ಪಿಸ್ಟನ್. ಇನ್ನೂ ಮೂರು ಬಾಕಿ.

ಅಂಗಳದಾಚೆಯ ಮನೆಯ ಪೆಟರ್ಸನ್ ಅಜ್ಜ ಬೆರಳು ಆಡಿಸಿ ನೋಡಿದರು. "ನಿಷ್ಟ್ ಝೌಬರ್." ಸ್ವಚ್ಛ ಆಗಿಲ್ಲವಂತೆ! ನಲವತ್ತು ವರ್ಷ ಹ್ಯಾಂಬರ್ಗ್ ಬಂದರಿನಲ್ಲಿ ಹಡಗಿನ ಇಂಜಿನ್ ರಿಪೇರಿ ಮಾಡಿ ನಿವೃತ್ತರಾದ ಮನುಷ್ಯ. ಶೆಡ್ಡು ಅವರದು, ಉಪಕರಣ ಅವರವು. ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ನಾನೋ, ಗದಗಿನ ಕಂಪನಿ ನಾಟಕದ ಡೇರೆಯಲ್ಲಿ ಬೆಳೆದವನು. ಮೈಕ್ ಕೆಟ್ಟರೂ ಕೊನೆಯ ಚಾಪೆಯವನಿಗೆ ಕೇಳಿಸಬೇಕು, ಅಂಥ ಗಂಟಲು.

ವ್ಯಾನಿಗೆ ಹದಿನೆಂಟು ವರ್ಷ. ಹೋದ ವರ್ಷ ವಾಲ್‌ಡಾರ್ಫ್ ಕನ್ನಡ ಸಂಘದ ರಾಜ್ಯೋತ್ಸವ ನಾಟಕಕ್ಕೆ ಪರದೆ, ಗದೆ, ಕಿರೀಟ ಹೇರಿಕೊಂಡು ಹೊರಟೆ. ದಾರಿಯ ಕಾಸೆಲ್ ಗುಡ್ಡದ ಏರಿನಲ್ಲಿ ವೇಗ ನಲವತ್ತಕ್ಕೆ ಇಳಿದು, ಹೊಗೆ ಉಗುಳಿ, ನಿಂತೇ ಬಿಟ್ಟಿತು. ರಾಜ, ಅಂದರೆ ನಾನು, ಆಟೋಬಾನ್ ಹೆದ್ದಾರಿಯ ಪಕ್ಕದಲ್ಲಿ ಟೋ ಗಾಡಿಗೆ ಕಾಯುತ್ತಿದ್ದೆ. ಅತ್ತ ವೇದಿಕೆಯ ಮೇಲೆ ಸಂಘದ ಶೈಲೇಶ ನನ್ನ ಪಾತ್ರವನ್ನು ಕಾಗದ ನೋಡಿ ಓದಿದ. ಓದಿದ! ಸಾಯುವ ರಾಜನ ಮಾತನ್ನು, ಪ್ರಾಜೆಕ್ಟ್ ರಿಪೋರ್ಟಿನ ಹಾಗೆ.

ಸಂಘದವರು ಹೇಳಿಬಿಟ್ಟಿದ್ದಾರೆ: ಈ ಸಲವೂ ತಪ್ಪಿಸಿದರೆ ಪಾತ್ರ ಕಾಯಂ ಅವನಿಗೆ. ನಾಟಕ ನವೆಂಬರ್ ಎರಡಕ್ಕೆ. ಎಂಟು ವಾರ.

೧೪ ಸೆಪ್ಟೆಂಬರ್

ಜಗಳ. ಅಂದರೆ ನಾನು ಜಗಳ ಆಡಿದೆ, ಅಜ್ಜ ಕಾಫಿ ಕುಡಿದರು.

ನನಗೆ ಪವರ್ ಬೇಕು. ಎತ್ತರದ ಪಿಸ್ಟನ್, ದೊಡ್ಡ ಕಾರ್ಬ್ಯುರೇಟರ್. ಕಾಸೆಲ್ ಗುಡ್ಡ ಗಡಗಡ ನಡುಗಬೇಕು! ಕೈ ಎತ್ತಿ ಹೇಳಿಯೂ ತೋರಿಸಿದೆ.

ಅಜ್ಜ ಲೋಟ ಕೆಳಗಿಟ್ಟರು. "ಎಪ್ಪತ್ತು ಕುದುರೆಯ ಇಂಜಿನ್. ಇಪ್ಪತ್ತು ಓಡಿಹೋಗಿವೆ. ರಿಂಗ್ ಸವೆದಿದೆ, ವಾಲ್ವ್ ಸೋರುತ್ತಿದೆ. ಹೊಸ ಕುದುರೆ ಕಟ್ಟಿದರೆ ಎರಡು ವರ್ಷಕ್ಕೆ ಸಾಯುತ್ತದೆ. ಓಡಿಹೋದವನ್ನು ಹಿಡಿದು ತಂದರೆ ಇನ್ನೂ ಹದಿನೈದು ವರ್ಷ."

ಮೂರು ವಾರದ ಮಾತನ್ನು ಒಂದೇ ದಿನ ಆಡಿಬಿಟ್ಟರು. ಗೊಣಗುತ್ತಲೇ ಹಳೆಯ ರಿಂಗ್ ಬಿಚ್ಚಲು ಕೂತೆ.

೬ ಅಕ್ಟೋಬರ್, ಭಾನುವಾರ

ಸುತ್ತಿಗೆ ಮುಟ್ಟುವಂತಿಲ್ಲ. ಭಾನುವಾರ ಸದ್ದು ನಿಷೇಧ. ಡೈಲಾಗ್ ಪ್ರ್ಯಾಕ್ಟೀಸಿಗೂ ಮೇಲಿನ ಮನೆಯವರು ಕೋಲಿನಿಂದ ನೆಲ ಕುಟ್ಟಿದರು.

ಆದರೂ ಕೆಲಸ ಸಾಗಿದೆ. ಹೊಸ ರಿಂಗ್, ಹೊಸ ಬೇರಿಂಗ್. ಎಂಟು ವಾಲ್ವುಗಳನ್ನೂ ಅಜ್ಜ ತಾವೇ ಕೂತು ತಿರುವಿ ತಿರುವಿ ಉಜ್ಜಿ ಕೂಡಿಸಿದರು. ಹತ್ತು ದಿನ! ನೋಡಿ ನೋಡಿ ನನ್ನ ಕಣ್ಣು ಬಿದ್ದುಹೋಯಿತು. ವಾಲ್ವುಗಳನ್ನು ಹೊತ್ತ ಹೆಡ್ ಇಂಜಿನ್ನಿನ ಮೇಲೆ ಕೂತಿದೆ. ಗಾಳಿ ಒಳಗೆ ಹೋಗುವ ಬಾಯಿಗಳಿಗೆಲ್ಲ ಬಟ್ಟೆ ತುರುಕಿದ್ದಾರೆ. ಅದರ ಮೇಲೆ ಕೂರುವ ಕೊಳವೆ ವೆಲ್ಡಿಂಗಿಗೆ ಹೋಗಿದೆ. ಬರಲು ಹನ್ನೆರಡು ದಿನ. ಜರ್ಮನಿಯಲ್ಲಿ ಎಲ್ಲಕ್ಕೂ ಟೆರ್ಮೀನ್, ಮೊದಲೇ ದಿನ ಗೊತ್ತು ಮಾಡಬೇಕು.

೧೪ ಅಕ್ಟೋಬರ್, ಸೋಮವಾರ

ಆಯುಧ ಪೂಜೆ. ಆಫೀಸಿಗೆ ರಜೆ ಹಾಕಿದೆ. ಅಜ್ಜ ಮಗಳ ಊರಿಗೆ ಹೋಗಿದ್ದಾರೆ, ಶೆಡ್ಡಿನ ಕೀಲಿ ನನ್ನ ಹತ್ತಿರ. ಸ್ಪ್ಯಾನರುಗಳಿಗೆ ಕುಂಕುಮ, ಇಂಜಿನ್ನಿಗೆ ಚೆಂಡುಹೂವಿನ ಹಾರ. ನೋಡಿದರೆ... ಬಾಯಿ ತುಂಬ ಎಣ್ಣೆ ಹತ್ತಿದ ಚಿಂದಿ. ಎಳೆದು ತೆಗೆದೆ.

"ಅದನ್ಯಾಕ ತಗೀತೀರಿ? ಅಜ್ಜಾರು ಹಾಕ್ಯಾರಂದ್ರ ಏನರ ಇದ್ದೀತು," ಎಂದಳು ಶ್ರೀದೇವಿ.

"ಬಾಯಾಗ ಬಟ್ಟಿ ತುರುಕಿದ ದೇವರಿಗೆ ಪೂಜಿ ಹ್ಯಾಂಗ ಮಾಡ್ಲೇ? ಕೈದಿ ಏನದು?"

"ಸಾವಕಾಶ ಒದರ್ರಿ. ದೇವರು ಇಲ್ಲೇ ಅದಾನ."

ಮಂತ್ರ ಅರ್ಧ ಮರೆತಿತ್ತು. ಉಳಿದರ್ಧಕ್ಕೆ ನಾಟಕದ ಕಂದಪದ್ಯ ಹಾಡಿದೆ. ಮುಷ್ಟಿ ತುಂಬ ಅಕ್ಷತೆ ಎರಚಿದೆ. ಅದ್ಭುತವಾಗಿತ್ತು. ಬಟ್ಟೆ ಮತ್ತೆ ತುರುಕಿ ಮನೆಗೆ ಬಂದೆ. ಕಡಲೆಬೇಳೆ ಹೋಳಿಗೆ, ನಾಲ್ಕು.

೧೯ ಅಕ್ಟೋಬರ್, ಶನಿವಾರ

ಕೊಳವೆ ಬಂತು. ಕೂಡಿಸಿದೆವು. ಕೀಲಿ ತಿರುವಿದೆ. ಹೊತ್ತಿತು! ಆದರೆ ಕುಂಟುತ್ತಿದೆ. ಇಡೀ ವ್ಯಾನ್ ಚಳಿಜ್ವರ ಬಂದವರಂತೆ ನಡುಗುತ್ತಿದೆ. ಅಜ್ಜ ಗೇಜ್ ಇಟ್ಟು ನಾಲ್ಕೂ ಸಿಲಿಂಡರಿನ ಒತ್ತಡ ನೋಡಿದರು. ಹನ್ನೊಂದು, ಹನ್ನೊಂದು, ನಾಲ್ಕು, ಹನ್ನೊಂದು. ಮೂರನೆಯದು ಸತ್ತಿದೆ. ವಾಲ್ವ್ ಮುಚ್ಚುತ್ತಿಲ್ಲ.

"ಮತ್ತೆ ಬಿಚ್ಚೋಣ," ಅಂದರು.

ಮತ್ತೆ! ಎರಡು ವಾರ ಉಳಿದಿರುವಾಗ! ಅಲ್ಲಿಗೆ ತಾಳ್ಮೆ ಮುಗಿಯಿತು. ವಾಲ್ವ್ ಕೂಡಿಸಿದ್ದು ನೀವು, ಹತ್ತು ದಿನ ಕೂತದ್ದು ನೀವು, ಕಣ್ಣು ಮಂಜಾಗಿದ್ದರೆ ಮೊದಲೇ ಹೇಳಬೇಕಿತ್ತು ಎಂದೆ. ಜರ್ಮನ್‌ನಲ್ಲಿ ಎಂದೆ. ನಮ್ಮ ಹಾರ್ಬುರ್ಗ್ ಬಡಾವಣೆ ಇಡೀ ಕೇಳುವಂತೆ ಎಂದೆ.

ಅಜ್ಜ ಕೈ ತೊಳೆದರು. ತಮ್ಮ ಉಪಕರಣಗಳನ್ನು ಒಂದೊಂದಾಗಿ ಒರೆಸಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು, ಅಂಗಳ ದಾಟಿ ಮನೆಯೊಳಗೆ ಹೋದರು. ಶೆಡ್ಡಿಗೆ ಬೀಗ ಹಾಕಲಿಲ್ಲ.

೨೬ ಅಕ್ಟೋಬರ್

ಅಂಗಡಿಯಿಂದ ಗೇಜ್, ಸ್ಪ್ಯಾನರ್ ತಂದು ಪ್ಲಗ್ ಬದಲಿಸಿದೆ. ವೈರ್ ಬದಲಿಸಿದೆ. ಮೂರನೆಯದು ಇನ್ನೂ ನಾಲ್ಕೇ. ಶೈಲೇಶನ ಫೋನು.

"ಬಾಳಪ್ಪಣ್ಣಾ, ಗಾಡಿ ಹ್ಯಾಂಗೈತಿ? ಅಲ್ಲ... ನಾನು ಬಾಯಿಪಾಠ ಮಾಡಿಕೊಂಡಿರ್ಲೇನು, ಒಂದ್ವೇಳೆ ಇರ್ಲಿ ಅಂತ?"

"ಮಗನಽ, ಆ ಕಿರೀಟ ನನ್ನ ಮನ್ಯಾಗ ಐತಿ!"

"ಕಿರೀಟ ಇಲ್ಲೂ ಸಿಗತೈತಣ್ಣಾ, ಪಾರ್ಟಿ ಶಾಪಿನ್ಯಾಗ."

ಫೋನ್ ಕುಕ್ಕಿದೆ.

೨೮ ಅಕ್ಟೋಬರ್, ಸೋಮವಾರ

ರಜೆ ಹಾಕಿ ಹೆಡ್ ಬಿಚ್ಚಿದೆ. ಒಬ್ಬನೇ. ಮೂರನೆಯ ಸಿಲಿಂಡರಿನ ವಾಲ್ವ್ ಹೊರತೆಗೆದೆ. ಅಂಚಿನಲ್ಲಿ ಏನೋ ಹಳದಿ. ಕಲ್ಲಿನಂತೆ ಕೂತಿತ್ತು. ಉಗುರಿನಿಂದ ಕೆರೆದೆ. ಗಾಳಿ ಹೋಗುವ ಬಾಯಿಯ ಮೂಲೆಯಲ್ಲಿ ಇಡೀ ಕಾಳು, ತುದಿ ಮುರಿದಿಲ್ಲ, ಅರಿಶಿನ ಹಾಗೇ ಇದೆ.

ಅಕ್ಕಿ.

ಅಜ್ಜನ ವಾಲ್ವ್ ಕನ್ನಡಿ ಇದ್ದ ಹಾಗಿದೆ. ನನ್ನ ಮುಖ ಕಾಣುತ್ತಿತ್ತು.

ಶ್ರೀದೇವಿಗೆ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. "ಅವರಿಗೆ ಹೋಗಿ ಹೇಳ್ರಿ," ಅಂದಳು, ಅಷ್ಟೇ.

೩೧ ಅಕ್ಟೋಬರ್

ಹೊಸ ಗ್ಯಾಸ್ಕೆಟ್ ಹಾಕಿ ಕೂಡಿಸಿದೆ. ಗೇಜ್: ಹನ್ನೊಂದು, ನಾಲ್ಕಕ್ಕೆ ನಾಲ್ಕೂ. ಆದರೆ ಕಿಡಿ ಹೊತ್ತುವ ಹೊತ್ತನ್ನು ಹೊಂದಿಸಬೇಕು. ಅದಕ್ಕೆ ಕಿಡಿಯ ಜೊತೆ ಮಿನುಗುವ ಅಜ್ಜನ ಟೈಮಿಂಗ್ ದೀಪ ಬೇಕು, ಅಜ್ಜನ ಕಿವಿ ಬೇಕು. ತಪ್ಪಿದರೆ ಕಾಸೆಲ್‌ನಲ್ಲಿ ತಿಕ್ಕಿ ತಿಕ್ಕಿ ಕೂಡಿಸಿದ ಪಿಸ್ಟನ್ ಸುಟ್ಟೇ ಹೋಗುತ್ತದೆ. ನಾಳೆ ಹೊರಡಬೇಕು.

ನಾಲ್ಕು ದಿನದಿಂದ ಅಂಗಳ ದಾಟಲು ಆಗಿಲ್ಲ. ಮುನ್ನೂರು ಜನರ ಮುಂದೆ ಸಾಯಲು ಬರುತ್ತದೆ. ಒಬ್ಬ ಮುದುಕನ ಬಾಗಿಲು ತಟ್ಟಲು ಬರುವುದಿಲ್ಲ. ಭಾಷಣ ಬರೆದೆ. ಹರಿದೆ. ಇನ್ನೊಂದು ಬರೆದೆ. ಅದರಲ್ಲಿ "ಆದರೂ" ಎಂಬ ಮಾತು ಎರಡು ಸಲ ಇತ್ತು. ಅದನ್ನೂ ಹರಿದೆ.

೧ ನವೆಂಬರ್, ಬೆಳಿಗ್ಗೆ ೧೦:೧೫

ತಟ್ಟಿದೆ. ಬಾಗಿಲು ತೆರೆದರು. ಅಂಗೈ ಚಾಚಿದೆ. ಅದರಲ್ಲಿ ಕಾಳು.

ಅಜ್ಜ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ರೈಸ್?"

"ಪೂಜೆಗೆ ಬಟ್ಟೆ ತೆಗೆದಿದ್ದೆ. ನಿಮ್ಮ ತಪ್ಪಲ್ಲ. ನನ್ನದು."

ಇಷ್ಟೇ. ಜೀವಮಾನದಲ್ಲಿ ನಾನು ಆಡಿದ ಅತಿ ಸಣ್ಣ ಡೈಲಾಗ್. ಅಜ್ಜ ಬಾಗಿಲು ಹಾಕಿಕೊಂಡರು.

ಮೆಟ್ಟಿಲ ಮೇಲೇ ನಿಂತಿದ್ದೆ. ಚಿಲಕದ ಸದ್ದು. ಜಾಕೆಟ್ ತೊಟ್ಟಿದ್ದರು, ಕೈಯಲ್ಲಿ ದೀಪ, ಕಂಕುಳಲ್ಲಿ ಉಪಕರಣದ ಸುರುಳಿ.

೧೦:೪೦

ವ್ಯಾನಿನ ಸೀಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಬೇರೆ ದಾರಿಯಿಲ್ಲ. ಅಜ್ಜನ ಷರತ್ತು ಒಂದೇ: "ಮಾತಾಡಬೇಡ. ನನಗೆ ಇಂಜಿನ್ ಕೇಳಬೇಕು." ಹಿಂದೆ ಪರದೆ, ಗದೆ ಹೇರಿ ಆಗಿದೆ. ಶ್ರೀದೇವಿ ಬುತ್ತಿ ಹಿಡಿದು ಅಂಗಳದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾಳೆ. ನಾನು ಸುಮ್ಮನಿರುವುದನ್ನು ನೋಡಲು ಇರಬೇಕು. ನಗುತ್ತಿದ್ದಾಳೆ. ಗಂಟಲಲ್ಲಿ ಇಡೀ ನಾಲ್ಕನೇ ಅಂಕ ಕುದಿಯುತ್ತಿದೆ. ನುಂಗಿಕೊಂಡಿದ್ದೇನೆ.

ಅಜ್ಜ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ತುದಿಯನ್ನು ಮೂರನೆಯ ಸಿಲಿಂಡರಿನ ಮೇಲಿಟ್ಟಿದ್ದಾರೆ. ಕಣ್ಣು ಮುಚ್ಚಿದ್ದಾರೆ. ಬೆರಳು ಎತ್ತಿದರು, ಶುರು ಮಾಡು ಎಂಬ ಸನ್ನೆ. ಕೀಲಿ ತಿರು—